ಕಡಲಾಳದ ನಾಣ್ಯ: ಲೋಹಕ್ಕಿಂತ ದಾಖಲೆಗೇ ಬೆಲೆ

ಮುಳುಗಿದ ಹಡಗುಗಳಿಂದ ಹೊರತೆಗೆದ ಚಿನ್ನ, ಬೆಳ್ಳಿಯ ನಾಣ್ಯಗಳ ಸಂಗ್ರಹಣೆ ನಾಣ್ಯಶಾಸ್ತ್ರದ ಒಂದು ವಿಶಿಷ್ಟ ಶಾಖೆ. ಇಂತಹ ನಾಣ್ಯದ ಮೌಲ್ಯವನ್ನು ಅದರ ತೂಕವೊಂದೇ ನಿರ್ಧರಿಸುವುದಿಲ್ಲ. ಅದು ಯಾವ ಹಡಗಿನದು, ಯಾರು ಯಾವ ಹಕ್ಕಿನಿಂದ ಅದನ್ನು ಮೇಲೆತ್ತಿದರು ಎಂಬ ದಾಖಲೆಯೂ ಅಷ್ಟೇ ಮುಖ್ಯ.

ಶತಮಾನಗಳ ಕಾಲ ಉಪ್ಪುನೀರಿನಲ್ಲಿದ್ದರೂ ಚಿನ್ನ ಕಾಂತಿಗೆಡುವುದಿಲ್ಲ. ಬೆಳ್ಳಿಯಾದರೋ ಕಪ್ಪುಗಟ್ಟಿ, ಸವೆದು, ಒಂದಕ್ಕೊಂದು ಅಂಟಿಕೊಂಡು ಗಡ್ಡೆಯಾಗುತ್ತದೆ. 1961ರಲ್ಲಿ ಶ್ರೀಲಂಕಾದ ಗ್ರೇಟ್ ಬಾಸಸ್ ಬಂಡೆಗಳ ಬಳಿ ದೊರೆತ ಔರಂಗಜೇಬನ ಕಾಲದ ಬೆಳ್ಳಿ ರೂಪಾಯಿಗಳು ಹೀಗೆಯೇ ಗಡ್ಡೆಗಟ್ಟಿದ್ದವು. ಅವು ಸೂರತ್ ಟಂಕಸಾಲೆಯಲ್ಲಿ ಅಚ್ಚಾದವು. ಅವುಗಳ ಮೇಲಿದ್ದುದು ಹಿಜರಿ 1113ರ ವರ್ಷ.

ಸ್ಪೇನಿನ 'ಅಟೋಚಾ' ಹಡಗು 1622ರ ಸೆಪ್ಟೆಂಬರಿನಲ್ಲಿ ಫ್ಲಾರಿಡಾ ಬಳಿ ಚಂಡಮಾರುತಕ್ಕೆ ಸಿಲುಕಿ ಮುಳುಗಿತು. ಅದರಲ್ಲಿದ್ದ 265 ಮಂದಿಯಲ್ಲಿ ಬದುಕುಳಿದವರು ಐವರು ಮಾತ್ರ. ಮೆಲ್ ಫಿಷರ್ ತಂಡವು 16 ವರ್ಷಗಳ ಶೋಧದ ನಂತರ, 1985ರ ಜುಲೈ 20ರಂದು ಅದರ ಮುಖ್ಯ ನಿಧಿಯನ್ನು ಪತ್ತೆಹಚ್ಚಿತು. ಒಡೆತನಕ್ಕಾಗಿ ಫ್ಲಾರಿಡಾ ರಾಜ್ಯದೊಡನೆ ನಡೆದ ದೀರ್ಘ ವ್ಯಾಜ್ಯದಲ್ಲಿಯೂ ತಂಡವೇ ಗೆದ್ದಿತ್ತು. ಆದುದರಿಂದ ಈ ನಾಣ್ಯಗಳು ಮಾರುಕಟ್ಟೆಗೆ ಬಂದವು. ಸವೆತದ ಪ್ರಮಾಣಕ್ಕನುಸಾರವಾಗಿ ಅವುಗಳನ್ನು ದರ್ಜೆಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಸಂಖ್ಯೆಯುಳ್ಳ ಪ್ರಮಾಣಪತ್ರ ನೀಡಲಾಯಿತು. ಆ ಪತ್ರ ಕಳೆದುಹೋದರೆ ನಾಣ್ಯದ ಬೆಲೆ ಗಣನೀಯವಾಗಿ ಕುಸಿಯುತ್ತದೆ.

'ಮೆರ್ಸೆದೆಸ್' ಹಡಗಿನ ಪ್ರಕರಣ ಇದಕ್ಕೆ ತದ್ವಿರುದ್ಧ. ಸ್ಪೇನಿನ ಈ ಯುದ್ಧನೌಕೆ 1804ರ ಅಕ್ಟೋಬರ್ 5ರಂದು ಪೋರ್ಚುಗಲ್ ತೀರದಾಚೆ ಬ್ರಿಟಿಷ್ ನೌಕಾಪಡೆಯೊಡನೆ ನಡೆದ ಕಾಳಗದಲ್ಲಿ ಸ್ಫೋಟಗೊಂಡು ಮುಳುಗಿತು. 2007ರಲ್ಲಿ ಅಮೆರಿಕದ ಒಡಿಸ್ಸಿ ಮರೀನ್ ಸಂಸ್ಥೆಯು ಅದರಿಂದ ಸುಮಾರು 5.94 ಲಕ್ಷ ನಾಣ್ಯಗಳನ್ನು ಮೇಲೆತ್ತಿ ಅಮೆರಿಕಕ್ಕೆ ಸಾಗಿಸಿತು. ಸ್ಪೇನ್ ನ್ಯಾಯಾಲಯದ ಮೆಟ್ಟಿಲೇರಿತು. ಒಂದು ರಾಷ್ಟ್ರದ ಯುದ್ಧನೌಕೆಯ ಮೇಲೆ ಅನ್ಯರು ಹಕ್ಕು ಸಾಧಿಸಲಾಗದೆಂಬ ವಾದಕ್ಕೆ ಅಮೆರಿಕದ ನ್ಯಾಯಾಲಯಗಳು ಮನ್ನಣೆ ನೀಡಿದವು. 2012ರ ಫೆಬ್ರುವರಿಯಲ್ಲಿ ನಿಧಿ ಸ್ಪೇನಿಗೆ ಮರಳಿತು. ಸಂಸ್ಥೆಗೆ ಒಂದು ನಾಣ್ಯವೂ ಉಳಿಯಲಿಲ್ಲ.

ನೂರು ವರ್ಷಗಳಿಗೂ ಹೆಚ್ಚು ಕಾಲ ನೀರಿನಡಿಯಲ್ಲಿರುವ ಪರಂಪರೆಯ ವಾಣಿಜ್ಯ ಬಳಕೆಯನ್ನು 2001ರ ಯುನೆಸ್ಕೋ ಒಪ್ಪಂದ ವಿರೋಧಿಸುತ್ತದೆ. 2009ರಲ್ಲಿ ಜಾರಿಗೆ ಬಂದ ಈ ಒಪ್ಪಂದ, ಅದನ್ನು ಅಂಗೀಕರಿಸಿದ ರಾಷ್ಟ್ರಗಳಿಗೆ ಅನ್ವಯಿಸುತ್ತದೆ. ಭಾರತದಲ್ಲಿ 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯಗಳು ಪುರಾವಸ್ತುಗಳು. ಖಾಸಗಿಯವರು ಅವನ್ನು ವಿದೇಶಕ್ಕೆ ರಫ್ತು ಮಾಡುವಂತಿಲ್ಲ.

ಸಂಗ್ರಾಹಕರು ಕೊಳ್ಳುವ ಮುನ್ನ ಹಡಗಿನ ಹೆಸರು, ಹೊರತೆಗೆದ ವರ್ಷ, ನ್ಯಾಯಾಲಯದ ಆದೇಶ ಹಾಗೂ ಪ್ರಮಾಣಪತ್ರದ ಸಂಖ್ಯೆಯನ್ನು ಪರಿಶೀಲಿಸುವುದು ಅಗತ್ಯ. ಇವಿಲ್ಲದ ನಾಣ್ಯ ಅಸಲಿಯೇ ಆಗಿದ್ದರೂ ಅದರ ಒಡೆತನ ಪ್ರಶ್ನಾರ್ಹವಾಗಿಯೇ ಉಳಿಯುತ್ತದೆ.