ಯೆಹೆಜ್ಕೇಲನ ದೇವಾಲಯ ದರ್ಶನ

ಹೀಬ್ರೂ ಬೈಬಲಿನ ಯೆಹೆಜ್ಕೇಲ ಗ್ರಂಥದ 40–48ನೆಯ ಅಧ್ಯಾಯಗಳಲ್ಲಿರುವ, ಇಸ್ರಾಯೇಲಿನ ಹೊಸ ದೇವಾಲಯವನ್ನು ಕುರಿತ ಪ್ರವಾದನಾ ದರ್ಶನ. ಕಾಲ ಬ್ಯಾಬಿಲೋನ್ ಸೆರೆವಾಸದ 25ನೆಯ ವರ್ಷ, ಸು. ಕ್ರಿ.ಪೂ. 573. ಇದರ ಹಲವು ವಿಧಿಗಳು ಮೋಶೆಯ ಧರ್ಮಶಾಸ್ತ್ರಕ್ಕೆ ಮೇಲ್ನೋಟಕ್ಕೆ ವಿರುದ್ಧವಾಗಿವೆ. ಅಮಾವಾಸ್ಯೆಯ ಬಲಿಗೆ ಆ ಧರ್ಮಶಾಸ್ತ್ರದ ಅರಣ್ಯಕಾಂಡ ಎರಡು ಹೋರಿ, ಒಂದು ಟಗರು, ಏಳು ಕುರಿಮರಿಗಳನ್ನು ವಿಧಿಸಿದರೆ, ಇಲ್ಲಿ ಒಂದು ಹೋರಿ, ಒಂದು ಟಗರು, ಆರು ಕುರಿಮರಿ; ನಿತ್ಯಬಲಿಯಲ್ಲಿ ಬೆಳಗಿನದು ಮಾತ್ರ ಉಂಟು, ಸಂಜೆಯದರ ಪ್ರಸ್ತಾಪವೇ ಇಲ್ಲ. ಯಾಜಕತ್ವ ಚಾದೋಕನ ವಂಶಕ್ಕೆ ಸೀಮಿತ. ಈ ಕಾರಣಕ್ಕೆ ಗ್ರಂಥವನ್ನೇ ಬದಿಗಿಡುವ ಮಾತು ಬಂದಾಗ ಯೆಹೂದಿ ಧರ್ಮಪಂಡಿತ ಹನನ್ಯ ಬೆನ್ ಹಿಜ್ಕೀಯನು 300 ಕೊಡ ಎಣ್ಣೆ ತರಿಸಿಕೊಂಡು, ಮಹಡಿಯ ಕೋಣೆಯಲ್ಲಿ ಕುಳಿತು ಸಮನ್ವಯ ಸಾಧಿಸಿದನೆಂದು ತಾಲ್ಮುಡ್ ಹೇಳುತ್ತದೆ. ಹೇಗೆಂಬುದನ್ನು ಅಲ್ಲಿ ವಿವರಿಸಿಲ್ಲ. ಆಧುನಿಕ ವಿದ್ವಾಂಸರಲ್ಲಿ ಅನೇಕರು ಈ ವ್ಯತ್ಯಾಸಗಳನ್ನು ಭಿನ್ನ ಯಾಜಕ ಪರಂಪರೆಗಳ ಕುರುಹುಗಳೆಂದು ಎಣಿಸುತ್ತಾರೆ. ಜೆರುಸಲೇಮಿನ ಎರಡನೆಯ ದೇವಾಲಯವನ್ನು ಈ ದರ್ಶನದ ನಕ್ಷೆಯಂತೆ ಕಟ್ಟಲಿಲ್ಲ.