ಮಲೆನಾಡಿನ ಮನೆಯಲ್ಲಿ ಡ್ರೋನ್ ಬ್ಯಾಟರಿ: ಚಾರ್ಜಿಂಗ್ ನಡೆದು ಬಂದ ದಾರಿ

ಮೂಡಿಗೆರೆ, ಕಳಸದ ಕಡೆ ಅಡಿಕೆಗೆ ಬೋರ್ಡೋ ಹೊಡೆಯುವುದು ಮುಂಗಾರು ಹಿಡಿಯುವ ಮೊದಲು ಒಮ್ಮೆ, ಮಳೆ ತುಸು ಹೊಳವಾದಾಗ ಇನ್ನೊಮ್ಮೆ. ಕರೆಂಟನ್ನು ನಂಬಲಾಗದ ದಿನಗಳೂ ಅವೇ. ಕೊಂಬೆ ಮುರಿದು ಲೈನಿನ ಮೇಲೆ ಬಿದ್ದರೆ ಕತ್ತಲೆ. ಕರೆಂಟ್ ಇದ್ದರೂ ಲೈನಿನ ತುದಿಯ ಮನೆಗಳಲ್ಲಿ ವೋಲ್ಟೇಜ್ ಸೊರಗಿರುತ್ತದೆ. ಸಿಂಪಡಣೆಯ ಡ್ರೋನ್ ತೋಟಕ್ಕೆ ಬಂದರೆ ಅದರ ಬ್ಯಾಟರಿ ತುಂಬಬೇಕಾದ್ದು ಇದೇ ಕರೆಂಟಿನಲ್ಲಿ, ಇಲ್ಲವೇ ಜನರೇಟರಿನಲ್ಲಿ. ಈ ಬ್ಯಾಟರಿ ಹವ್ಯಾಸಿಗಳ ರಿಮೋಟ್ ಕಾರು, ವಿಮಾನಗಳ ಬಳಗದಿಂದಲೇ ಬೆಳೆದು ಬಂದದ್ದು. ಹೋಂಸ್ಟೇಯ ವಿಡಿಯೊ ತೆಗೆಯುವ ಕ್ಯಾಮೆರಾ ಡ್ರೋನ್ ಕೂಡ ಅದೇ ವಂಶ. ಪ್ರತಿ ಪೀಳಿಗೆಯಲ್ಲೂ ಬ್ಯಾಟರಿಯ ಕಸುವು ಹೆಚ್ಚಿತು, ತಾಳಿಕೆ ಕಡಿಮೆಯಾಯಿತು. ಮನುಷ್ಯ ಮಾಡುತ್ತಿದ್ದ ಕಾವಲನ್ನು ಚಾರ್ಜರ್ ಒಂದೊಂದಾಗಿ ವಹಿಸಿಕೊಂಡಿತು. ಆದರೆ ಯಾವ ಪ್ಲಗ್ಗಿನಿಂದ, ಯಾವ ಸೂರಿನಡಿ ಚಾರ್ಜ್ ಮಾಡಬೇಕು ಎಂಬುದನ್ನು ಯಾವ ಚಾರ್ಜರೂ ನಿರ್ಧರಿಸಲಾರದು. ಈ ಗುಡ್ಡಗಾಡಿನಲ್ಲಿ ಅಪಾಯವಿರುವುದು ಹೆಚ್ಚಾಗಿ ಅಲ್ಲಿಯೇ.

ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸ-ಆಮ್ಲದ ಬ್ಯಾಟರಿ ಎಲ್ಲಕ್ಕಿಂತ ಹಿರಿಯದು. ಮಾದರಿ ವಿಮಾನದವರು ಮೈದಾನಕ್ಕೆ ಒಯ್ಯುತ್ತಿದ್ದ ಪೆಟ್ಟಿಗೆಯಲ್ಲಿ ಎಂಜಿನ್ ಚಾಲೂ ಮಾಡಲು ಇದ್ದದ್ದು ಅದರದೇ 12 ವೋಲ್ಟಿನ ರೂಪ. ನಮ್ಮ ಮನೆಗಳ ಯುಪಿಎಸ್ ಕೆಳಗೆ ಇಂದಿಗೂ ಕುಳಿತಿರುವುದು ಹೆಚ್ಚಾಗಿ ಅದೇ. ಹೆಚ್ಚು ಚಾರ್ಜ್ ಆದರೆ ಅದರೊಳಗಿನ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗಿ ಹೊರಬೀಳುತ್ತದೆ. ಕಿಟಕಿ ತೆರೆದಿಟ್ಟು, ಕಿಡಿ ತಾಗದಂತೆ ನೋಡಿಕೊಂಡು, ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಿದರೆ ಅದು ಎಷ್ಟೋ ಅಚಾತುರ್ಯವನ್ನು ಸಹಿಸಿಕೊಳ್ಳುತ್ತದೆ. ‘ರಾತ್ರಿ ಚಾರ್ಜಿಗೆ ಹಾಕಿ ಮಲಗುವುದು’ ಎಂಬ ರೂಢಿ ಬೇರುಬಿಟ್ಟದ್ದು ಇಂಥ ಬ್ಯಾಟರಿಗಳ ಕಾಲದಲ್ಲಿ.

ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ನಿಕಲ್-ಕ್ಯಾಡ್ಮಿಯಂ ಕೋಶವನ್ನು ಕಂಡುಹಿಡಿದರೂ ಅದು ಹವ್ಯಾಸಿಗಳ ಕೈಗೆ ಬಂದದ್ದು 1947ರಲ್ಲಿ ಮೊಹರಾದ ಸೆಲ್ ಸಿದ್ಧವಾದ ನಂತರ. ಬೆಂಗಳೂರಿನ ಪೀಣ್ಯದಲ್ಲಿ ರೂಪುಗೊಂಡು 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹದಲ್ಲಿ ಇದ್ದದ್ದೂ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯೇ. ಒಂದೊಂದು ಸೆಲ್ 1.2 ವೋಲ್ಟ್. ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರಿಗೆ 8 ಸೆಲ್, ವಿಮಾನದೊಳಗಿನ ರಿಸೀವರಿಗೆ 4, ವಿದ್ಯುತ್ ಕಾರಿಗೆ 6. ಚಾರ್ಜಿಂಗ್ ಸೂತ್ರವೂ ಸರಳ: ಸಾಮರ್ಥ್ಯದ ಹತ್ತನೇ ಒಂದರಷ್ಟು ಕರೆಂಟ್ ಕೊಟ್ಟು 14ರಿಂದ 16 ಗಂಟೆ ಬಿಡುವುದು. ಮರೆತು ಇನ್ನೊಂದಿಷ್ಟು ಹೊತ್ತು ಬಿಟ್ಟರೂ ಒಳಗೆ ಹುಟ್ಟಿದ ಆಕ್ಸಿಜನ್ ಕ್ಯಾಡ್ಮಿಯಂ ತಟ್ಟೆಯಲ್ಲೇ ಮತ್ತೆ ಸೇರಿಹೋಗುತ್ತಿತ್ತು, ಸೆಲ್ ಬೆಚ್ಚಗಾಗುತ್ತಿತ್ತು, ಅಷ್ಟೇ.

ಬೇಗ ತುಂಬಬೇಕೆಂಬ ಆಸೆ ಬಂದಾಗ ಚಾರ್ಜರ್ ಬುದ್ಧಿ ಕಲಿಯಬೇಕಾಯಿತು. ನಿಕಲ್ ಸೆಲ್ ತುಂಬುತ್ತಿದ್ದಂತೆ ಏರುತ್ತಿದ್ದ ವೋಲ್ಟೇಜ್ ಕೊನೆಗೆ ಒಂದು ಚೂರು ಇಳಿಯುತ್ತದೆ. ಆ ಇಳಿತವನ್ನು ಗುರುತಿಸಿ ತಾನೇ ನಿಲ್ಲುವ ಚಾರ್ಜರುಗಳು ಬಂದವು. ಬ್ಯಾಟರಿ ತುಂಬಿತೆಂಬ ತೀರ್ಮಾನ ಯಂತ್ರದ ಪಾಲಾದದ್ದು ಹೀಗೆ. ಮುಂದೆ ಬಂದ ನಿಕಲ್-ಮೆಟಲ್ ಹೈಡ್ರೈಡ್ ವಿಷಕಾರಿ ಕ್ಯಾಡ್ಮಿಯಂ ಇಲ್ಲದೆ ಹೆಚ್ಚು ಶಕ್ತಿ ಹಿಡಿಯಿತು. ಆದರೆ ಅದರ ವೋಲ್ಟೇಜ್ ಇಳಿತ ಇನ್ನೂ ಸಣ್ಣದು. ಹಳೆಯ ಚಾರ್ಜರ್ ಅದನ್ನು ಕಾಣದೆ ತುಂಬುತ್ತಲೇ ಹೋಗಿ ಸೆಲ್ಲನ್ನು ಕಾಯಿಸಿ ಕೆಡಿಸುತ್ತಿತ್ತು.

ಲಿಥಿಯಂ ಬಂದ ಮೇಲೆ ಲೆಕ್ಕವೇ ಬದಲಾಯಿತು. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿಯ ಹಿಂದಿದ್ದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಅದೇ ರಸಾಯನ ತೆಳುವಾದ ಚೀಲದಂಥ ಹೊದಿಕೆಯಲ್ಲಿ ‘ಲಿಪೊ’ ಎಂಬ ಹೆಸರಿನಿಂದ ಹವ್ಯಾಸಿಗಳಿಗೆ ಸಿಕ್ಕಿತು. ಹಗುರ, ಮತ್ತು ಕೇಳಿದೊಡನೆ ಭಾರೀ ಕರೆಂಟ್ ಕೊಡಬಲ್ಲದು. ನಾಲ್ಕು ರೆಕ್ಕೆಯ ಡ್ರೋನ್ ಗಾಳಿಯಲ್ಲಿ ನಿಂತದ್ದು ಅದರ ಬಲದಿಂದ. ಆದರೆ ಹೆಚ್ಚಾದ ಚಾರ್ಜನ್ನು ನಿಕಲ್ಲಿನಂತೆ ಒಳಗೇ ಅರಗಿಸಿಕೊಳ್ಳುವ ದಾರಿ ಇದಕ್ಕಿಲ್ಲ. ಸಾಮಾನ್ಯ ಲಿಪೊ ಸೆಲ್ಲಿಗೆ 4.2 ವೋಲ್ಟ್ ಗಡಿ. ಅದನ್ನು ದಾಟಿದರೆ ಲೋಹರೂಪದ ಲಿಥಿಯಂ ಋಣ ತಟ್ಟೆಯ ಮೇಲೆ ಕೂರತೊಡಗುತ್ತದೆ, ಧನ ತಟ್ಟೆಯ ರಚನೆ ಕುಸಿಯುತ್ತದೆ. ಬಿಸಿ ಏರಿದಂತೆ ನಡುವಿನ ಪ್ಲಾಸ್ಟಿಕ್ ಪರದೆ ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಇನ್ನೂ ಮೇಲೆ ಧನ ತಟ್ಟೆಯೇ ಆಕ್ಸಿಜನ್ ಬಿಡುತ್ತದೆ. ಅಲ್ಲಿಂದ ಮುಂದೆ ಬಿಸಿ ಬಿಸಿಯನ್ನೇ ಹುಟ್ಟಿಸುತ್ತ ಹೋಗುತ್ತದೆ.

ನಿಕಲ್ ಚಾರ್ಜರಿಗೆ ಲಿಪೊ ಜೋಡಿಸುವುದು, ಸೆಲ್ಲುಗಳ ಎಣಿಕೆ ತಪ್ಪಾಗಿ ಒತ್ತುವುದು: ಆರಂಭದ ದಿನಗಳ ಅನೇಕ ಬೆಂಕಿಗಳಿಗೆ ಕಾರಣ ಇಂಥವೇ. ಅದಕ್ಕಿಂತ ಕಣ್ಣಿಗೆ ಬೀಳದ ದೋಷ ಇನ್ನೊಂದಿತ್ತು. ಮೂರು ಸೆಲ್ಲಿನ ಪ್ಯಾಕ್ ತುಂಬಿದಾಗ ಒಟ್ಟು 12.6 ವೋಲ್ಟ್ ತೋರಬೇಕು. ಒಂದು ಸೆಲ್ 4.35, ಮಿಕ್ಕವು 4.15 ಮತ್ತು 4.10 ಇದ್ದರೂ ಮೊತ್ತ 12.6 ಆಗಿಯೇ ತೋರುತ್ತದೆ. ಎರಡೇ ತಂತಿಯಿಂದ ನೋಡುವ ಚಾರ್ಜರಿಗೆ ಎಲ್ಲವೂ ಸರಿ, ಒಳಗೊಂದು ಸೆಲ್ ಮಾತ್ರ ಗಡಿ ದಾಟಿದೆ. ಸೆಲ್ಲುಗಳ ನಡುವಿನಿಂದ ಹೊರಬರುವ ಸಣ್ಣ ಬ್ಯಾಲೆನ್ಸ್ ವೈರುಗಳು ಈ ಕುರುಡನ್ನು ನೀಗಿಸಿದವು. ಈ ಕ್ಷೇತ್ರದ ಅತಿ ದೊಡ್ಡ ಸುಧಾರಣೆ ಇದೇ ಎಂದು ನಾನು ನಂಬುತ್ತೇನೆ. ಹೊತ್ತು ಉಳಿಸಲೆಂದು ಆ ಬಿಳಿ ಕನೆಕ್ಟರ್ ಹಾಕದೆ ಚಾರ್ಜ್ ಮಾಡುವುದನ್ನು ಯಾರೂ ರೂಢಿ ಮಾಡಿಕೊಳ್ಳಬಾರದು. ಕರೆಂಟಿನ ಮಿತಿಯೂ ಸುಲಭ: ತಯಾರಕರು ಬೇರೆ ಹೇಳದಿದ್ದರೆ 2200 ಎಂಎಎಚ್ ಪ್ಯಾಕಿಗೆ 2.2 ಆಂಪಿಯರ್.

ಈಗ ನಮ್ಮ ಗೋಡೆಯ ಪ್ಲಗ್ಗಿಗೆ ಬರೋಣ. ಸಿಂಪಡಣೆ ಡ್ರೋನುಗಳಲ್ಲಿ ಬಳಕೆಯಾಗುವಂಥ ಆರು ಸೆಲ್ಲಿನ, 16 ಆಂಪಿಯರ್-ಗಂಟೆಯ ಎರಡು ಪ್ಯಾಕುಗಳನ್ನು ಒಂದು ಗಂಟೆಯ ವೇಗದಲ್ಲಿ ತುಂಬಲು ಕೊನೆಗೊನೆಗೆ 800 ವಾಟ್ ಬೇಕು. ಚಾರ್ಜರಿನಲ್ಲಿ ಸೋರುವುದನ್ನು ಸೇರಿಸಿದರೆ 950ರ ಸುಮಾರು. 230 ವೋಲ್ಟಿನಲ್ಲಿ ಇದು 4 ಆಂಪಿಯರ್ ಚಿಲ್ಲರೆ. ಆದರೆ ಇಂದಿನ ಚಾರ್ಜರ್ ಕಡಿಮೆ ವೋಲ್ಟೇಜಿನಲ್ಲೂ ಅಷ್ಟೇ ವಾಟ್ ಎಳೆಯುತ್ತದೆ, ಅದಕ್ಕಾಗಿ ಹೆಚ್ಚು ಕರೆಂಟ್ ಹೀರುತ್ತದೆ. ವೋಲ್ಟೇಜ್ 170ಕ್ಕೆ ಇಳಿದರೆ ಐದೂವರೆ ಆಂಪಿಯರ್ ದಾಟುತ್ತದೆ. ದೀಪ, ಫ್ಯಾನಿಗೆಂದು ಎಂದೋ ಎಳೆದ ವೈರು, ಸಡಿಲವಾದ ಸಾಕೆಟ್ಟು, ಅದಕ್ಕೊಂದು ಎಕ್ಸ್‌ಟೆನ್ಷನ್ ಬಾಕ್ಸು: ಬ್ಯಾಟರಿಯಲ್ಲಿ ಒಂದೂ ದೋಷವಿಲ್ಲದೆ ಬೆಂಕಿ ಇಲ್ಲಿಂದಲೇ ಹುಟ್ಟಬಹುದು. 15 ಆಂಪಿಯರಿನ ಪವರ್ ಪ್ಲಗ್ಗಿಗೇ ಹಾಕಬೇಕು, ವೋಲ್ಟೇಜ್ ತೀರ ಕುಸಿದಾಗ ಒಂದೊಂದೇ ಪ್ಯಾಕ್ ತುಂಬಬೇಕು. ಮನೆಯ ಸಾಮಾನ್ಯ ಯುಪಿಎಸ್‌ಗೆ ಈ ಹೊರೆ ಹೇರಬಾರದು.

ಸೂರಿನ ವಿಷಯ ಇನ್ನೂ ಸೂಕ್ಷ್ಮ. ಹಳೆಯ ಮನೆಗಳಲ್ಲಿ ಮರದ ಅಟ್ಟ, ಹೆಂಚಿನ ಕೆಳಗೆ ಒಣಗಿದ ರೀಪು, ಮೂಲೆಯಲ್ಲಿ ಗೋಣಿಚೀಲದ ರಾಶಿ. ಸ್ಪ್ರೇ ಸಾಮಾನು ಇಡುವ ಶೆಡ್ಡಿನಲ್ಲಿ ಪೆಟ್ರೋಲ್ ಕ್ಯಾನು. ಇವೆಲ್ಲದರಿಂದ ದೂರ ಸಿಮೆಂಟಿನ ನೆಲ ಬೇಕು, ಮೇಲೆ ಮಳೆ ತಡೆಯುವ ತಗಡು ಬೇಕು, ಎದುರಿಗೆ ಎಚ್ಚರವಾಗಿರುವ ಒಬ್ಬರು ಬೇಕು. ಕಾಫಿ ಕಣದ ಅಂಚು ಇದಕ್ಕೆ ಹೇಳಿ ಮಾಡಿಸಿದ ಜಾಗ. ಹಾರಿ ಇಳಿದ ಬಿಸಿ ಪ್ಯಾಕನ್ನು ಆರಲು ಬಿಟ್ಟೇ ಚಾರ್ಜಿಗೆ ಹಾಕಬೇಕು. ಹೊತ್ತಿಕೊಂಡರೆ ಮೊದಲು ಮೇನ್ ಆಫ್ ಮಾಡಬೇಕು, ಹೊಗೆಯಿಂದ ದೂರ ಸರಿಯಬೇಕು. ಎಲೆಕ್ಟ್ರೊಲೈಟಿನ ಉಪ್ಪು ತೇವ ಸೇರಿದರೆ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲ ಹೊರಡುತ್ತದೆ. ಸಣ್ಣ ಪ್ಯಾಕಿನ ಮೇಲೆ ಮರಳು ಸುರಿದರೆ ಜ್ವಾಲೆ ಪಕ್ಕಕ್ಕೆ ಹರಡದು. ಒಳಗಿನ ಬಿಸಿ ಇಳಿಸುವುದು ಮಾತ್ರ ಧಾರಾಳವಾದ ನೀರು.

ಹೊಸ ಕ್ಯಾಮೆರಾ ಡ್ರೋನುಗಳ ‘ಸ್ಮಾರ್ಟ್’ ಬ್ಯಾಟರಿ ಬಳಸದೆ ಇಟ್ಟರೆ ಕೆಲ ದಿನಗಳ ನಂತರ ತಾನೇ ಸ್ವಲ್ಪ ಖಾಲಿ ಮಾಡಿಕೊಳ್ಳುತ್ತದೆ. ಸಾದಾ ಲಿಪೊಗೆ ಆ ಜಾಣತನವಿಲ್ಲ. ಜಡಿಮಳೆಯ ತಿಂಗಳುಗಳಲ್ಲಿ ಕಪಾಟು ಸೇರುವ ಮುಂಚೆ ಚಾರ್ಜರಿನ ಸ್ಟೋರೇಜ್ ಮೋಡ್ ಬಳಸಿ ಅದನ್ನು ಸೆಲ್ಲಿಗೆ 3.8 ವೋಲ್ಟಿನ ಆಸುಪಾಸಿಗೆ ತರಬೇಕು. ತುಂಬಿದ್ದನ್ನು ಹಾಗೇ ಇಟ್ಟರೆ ಊದಿಕೊಳ್ಳುತ್ತದೆ, ಪೂರ್ತಿ ಖಾಲಿ ಇಟ್ಟರೆ ಸಾಯುತ್ತದೆ. ನಮ್ಮ ತೇವಕ್ಕೆ ಕನೆಕ್ಟರಿನ ಲೋಹ ಕಿಲುಬುವುದನ್ನೂ ಆಗಾಗ ನೋಡಿಕೊಳ್ಳಬೇಕು.

ಬಿಸಿಯನ್ನು ಚೆನ್ನಾಗಿ ತಾಳುವ ಲಿಥಿಯಂ ಐರನ್ ಫಾಸ್ಫೇಟಿನ ಮೂಲ ಪ್ರಬಂಧವನ್ನು 1997ರಲ್ಲಿ ಎ.ಕೆ. ಪಾಧಿ ಮತ್ತು ಗುಡ್‌ಇನಫ್ ಜೊತೆ ಬರೆದವರು ಕೆ.ಎಸ್. ನಂಜುಂಡಸ್ವಾಮಿ. ಸೋಲಾರ್ ಮತ್ತು ಯುಪಿಎಸ್‌ಗೆ, ಹವ್ಯಾಸಿಗಳ ಟ್ರಾನ್ಸ್‌ಮಿಟರಿಗೆ ಅದು ಒಳ್ಳೆಯ ಆಯ್ಕೆ. ಅಷ್ಟೇ ಶಕ್ತಿಗೆ ತೂಕ ಹೆಚ್ಚಾದ್ದರಿಂದ ಹಾರುವ ಯಂತ್ರಕ್ಕೆ ಇನ್ನೂ ಲಿಪೊ ಬಳಗವೇ ಗತಿ. 2021ರ ಡ್ರೋನ್ ನಿಯಮಗಳ ನಂತರ ಹಾರಾಟದ ತರಬೇತಿಗೆ ಒಂದು ಚೌಕಟ್ಟು ಬಂದಿದೆ. ಮಲೆನಾಡಿನ ಪೈಲಟ್‌ಗಳಿಗೆ ಅದೇ ತರಬೇತಿಯಲ್ಲಿ ಮನೆಯ ವೈರಿಂಗ್ ನೋಡುವುದನ್ನೂ, ಚಾರ್ಜಿಂಗಿಗೆ ಜಾಗ ಆರಿಸುವುದನ್ನೂ ಕಲಿಸಬೇಕು.

ಊದಿಕೊಂಡ ಪ್ಯಾಕನ್ನು ಚುಚ್ಚಿ ಗಾಳಿ ಬಿಡಿಸುವುದು, ಒಲೆಗೋ ಕಾಫಿ ಗಿಡದ ಬುಡಕ್ಕೋ ಎಸೆಯುವುದು ಎರಡೂ ಸಲ್ಲದು. ಅದನ್ನು ಮತ್ತೆ ಚಾರ್ಜಿಗೆ ಹಾಕಕೂಡದು. ಕನೆಕ್ಟರಿಗೆ ಟೇಪು ಸುತ್ತಿ, ಮುಚ್ಚಳ ಬಿಗಿಯದ ಮಣ್ಣಿನ ಇಲ್ಲವೇ ಲೋಹದ ಪಾತ್ರೆಯಲ್ಲಿ ಮರಳಿನ ಮೇಲೆ, ಮನೆಯಿಂದ ಹೊರಗೆ ಇಡಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆಯನ್ನು ತಯಾರಕರ ಮತ್ತು ಆಮದುದಾರರ ಮೇಲೆ ಹೊರಿಸಿವೆ. ಹೊಸ ಪ್ಯಾಕ್ ಕೊಳ್ಳುವಾಗಲೇ, ಹಳೆಯದನ್ನು ಎಲ್ಲಿ ಒಪ್ಪಿಸಬೇಕೆಂದು ಮಾರುವವರನ್ನು ಕೇಳಿ ಬರೆಸಿಕೊಳ್ಳಬಹುದು.