ಗುಡ್ಡ ಹತ್ತುವ ಹಕ್ಕು: ಇಂಗ್ಲೆಂಡಿನ ಬೆಟ್ಟನಡಿಗೆಯ ಚರಿತ್ರೆ

ಇಂಗ್ಲೆಂಡಿನ ವಾಯವ್ಯದಲ್ಲಿರುವ ಲೇಕ್ ಡಿಸ್ಟ್ರಿಕ್ಟ್‌ಗೆ ಜನ ನಿಸರ್ಗ ನೋಡಲೆಂದೇ ಬರತೊಡಗಿದ್ದು 18ನೇ ಶತಮಾನದ ಉತ್ತರಾರ್ಧದಲ್ಲಿ. ಅದಕ್ಕೆ ಮೊದಲು ಆ ಬೆಟ್ಟಗಳಲ್ಲಿ ಓಡಾಡುತ್ತಿದ್ದವರು ಕುರಿ ಮೇಯಿಸುವವರು, ಗಣಿ ಕೆಲಸದವರು, ಕುದುರೆಗಳ ಮೇಲೆ ಸರಕು ಸಾಗಿಸುವವರು. ಹೊರಗಿನವರಿಗೆ ಅವು ಅಂಜಿಕೆ ಹುಟ್ಟಿಸುವ ಬರಡು ನೆಲ. 1769ರಲ್ಲಿ ಅಲ್ಲಿ ಸುತ್ತಾಡಿದ ಕವಿ ಥಾಮಸ್ ಗ್ರೇ ಜೊತೆಗೊಂದು ಉಬ್ಬುಗನ್ನಡಿ ಒಯ್ದಿದ್ದ. ಬೆಟ್ಟಕ್ಕೆ ಬೆನ್ನು ಹಾಕಿ ನಿಂತು, ಕನ್ನಡಿಯಲ್ಲಿ ಮೂಡುವ ಪುಟ್ಟ ಚಿತ್ರವನ್ನು ಸವಿಯುವುದು ಆಗಿನ ರೂಢಿ. 1778ರಲ್ಲಿ ಪ್ರಕಟವಾದ ಥಾಮಸ್ ವೆಸ್ಟ್‌ನ ಕೈಪಿಡಿ, ಎಲ್ಲೆಲ್ಲಿ ನಿಂತರೆ ನೋಟ ಚೆಂದವೆಂದು ಜಾಗಗಳನ್ನೇ ಗುರುತಿಸಿಕೊಟ್ಟಿತು. ಫ್ರಾನ್ಸಿನೊಂದಿಗಿನ ಯುದ್ಧಗಳಿಂದ ಯುರೋಪಿನ ಪ್ರವಾಸ ಕಷ್ಟವಾದಾಗ ಸಿರಿವಂತರು ಸ್ವದೇಶದ ಬೆಟ್ಟಗಳತ್ತ ಇನ್ನಷ್ಟು ವಾಲಿದರು.

ನೋಟದಿಂದ ನಡಿಗೆಯತ್ತ ಆಸಕ್ತಿ ಹೊರಳಿದ್ದರಲ್ಲಿ ಕವಿಗಳ ಪಾಲು ದೊಡ್ಡದು. 1802ರ ಆಗಸ್ಟ್‌ನಲ್ಲಿ ಕೋಲ್‌ರಿಜ್ ಒಬ್ಬನೇ ಸ್ಕೇಫೆಲ್ ಏರಿ, ಇಳಿಯುವಾಗ ಕಡಿದಾದ ಬಂಡೆಗಳ ನಡುವೆ ಸಿಕ್ಕಿಕೊಂಡು ಹೇಗೋ ಪಾರಾದ. 1818ರಲ್ಲಿ ಡೊರೊತಿ ವರ್ಡ್ಸ್‌ವರ್ತ್ ಇಂಗ್ಲೆಂಡಿನ ಅತಿ ಎತ್ತರದ ಶಿಖರವಾದ 978 ಮೀಟರ್‌ನ ಸ್ಕೇಫೆಲ್ ಪೈಕ್ ಹತ್ತಿದಳು. ಆದರೆ ಅವಳ ಅಣ್ಣ ವಿಲಿಯಂ 1844ರಲ್ಲಿ ವಿಂಡರ್‌ಮಿಯರ್ ಕಡೆಗೆ ರೈಲುಮಾರ್ಗ ಹಾಕುವುದನ್ನು ವಿರೋಧಿಸಿದ. ಗುಂಪುಗುಂಪಾಗಿ ಬರುವ ಕಾರ್ಮಿಕರಿಗೆ ಆ ಸೌಂದರ್ಯದಿಂದ ಹೆಚ್ಚೇನೂ ದಕ್ಕದು ಎಂಬುದು ಅವನ ವಾದಗಳಲ್ಲೊಂದು. ಬೆಟ್ಟದ ಕವಿಯ ಬಾಯಲ್ಲಿ ಬರಬಾರದಿದ್ದ ಮಾತು ಅದು. 1847ರಲ್ಲಿ ರೈಲು ಬಂದೇ ಬಂತು.

ಜನ ಬಂದಂತೆ ಬೇಲಿಯ ಪ್ರಶ್ನೆಯೂ ಎದ್ದಿತು. ಊರಿನ ಸಾಮೂಹಿಕ ಗೋಮಾಳಗಳನ್ನು ಖಾಸಗಿ ಒಡೆತನಕ್ಕೆ ಕೊಡುವ ಕಾಯಿದೆಗಳು ಅದಾಗಲೇ ಸಾಕಷ್ಟು ನೆಲವನ್ನು ನುಂಗಿದ್ದವು. ಕೆಸಿಕ್ ಪಟ್ಟಣದ ಪಕ್ಕದ ಲ್ಯಾಟ್ರಿಗ್ ಗುಡ್ಡದ ಹಳೆಯ ದಾರಿಗೆ ಭೂಮಾಲೀಕರು ತಡೆ ಹಾಕಿದಾಗ, 1887ರ ಅಕ್ಟೋಬರ್‌ನಲ್ಲಿ ಸುಮಾರು 2,000 ಮಂದಿ ಒಟ್ಟಾಗಿ ಗುಡ್ಡ ಏರಿದರು. ವ್ಯಾಜ್ಯ ರಾಜಿಯಲ್ಲಿ ಮುಗಿದು ಶಿಖರದ ದಾರಿ ತೆರೆಯಿತು. ಈ ಚಳವಳಿಯ ಹಿಂದಿದ್ದ ಪಾದ್ರಿ ಹಾರ್ಡ್‌ವಿಕ್ ರಾನ್ಸ್‌ಲಿ 1895ರಲ್ಲಿ ನ್ಯಾಷನಲ್ ಟ್ರಸ್ಟ್ ಕಟ್ಟಿದ ಮೂವರಲ್ಲೊಬ್ಬ. ಪಾರ್ಲಿಮೆಂಟಿನಲ್ಲಿ ಮಾತ್ರ ಕೆಲಸ ಸಾಗಲಿಲ್ಲ. ಜೇಮ್ಸ್ ಬ್ರೈಸ್ 1884ರಲ್ಲಿ ಸ್ಕಾಟ್ಲೆಂಡಿನ ಬೆಟ್ಟಗಳಿಗಾಗಿ ಮಂಡಿಸಿದ ಮಸೂದೆ ಆಗಲೂ ಆಮೇಲೂ ಬಿದ್ದುಹೋಯಿತು.

ನಿಜವಾದ ಘರ್ಷಣೆ ನಡೆದದ್ದು ದಕ್ಷಿಣಕ್ಕೆ, ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಡುವಿನ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ. ಗಿರಣಿ ಕಾರ್ಮಿಕರಿಗೆ ಹೊಗೆಯಿಂದ ಹೊರಬಂದು ಉಸಿರಾಡಲು ಸಿಗುತ್ತಿದ್ದುದು ಭಾನುವಾರ ಒಂದೇ. ಕಣ್ಣೆದುರಿಗೇ ಇದ್ದ 636 ಮೀಟರ್ ಎತ್ತರದ ಕಿಂಡರ್ ಸ್ಕೌಟ್ ಪ್ರಸ್ಥಭೂಮಿಗೆ ಅವರಿಗೆ ಪ್ರವೇಶವಿರಲಿಲ್ಲ. ಅದು ಭೂಮಾಲೀಕರ ಬೇಟೆಯ ನೆಲ. ಗ್ರೌಸ್ ಹಕ್ಕಿಯ ಬೇಟೆ ನಡೆಯುತ್ತಿದ್ದುದು ವರ್ಷದ ಕೆಲವೇ ದಿನ, ಕಾವಲಿರುತ್ತಿದ್ದುದು ವರ್ಷವಿಡೀ. 1932ರ ಏಪ್ರಿಲ್ 24ರಂದು ಹೇಫೀಲ್ಡ್ ಹಳ್ಳಿಯಿಂದ ಸುಮಾರು 400 ಮಂದಿ ಬೇಕೆಂದೇ ಮೇಲಕ್ಕೆ ನಡೆದರು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ 20 ವರ್ಷ. ದಾರಿಯಲ್ಲಿ ಕಾವಲುಗಾರರೊಂದಿಗೆ ಕೈಕೈ ಮಿಲಾಯಿಸಿದ್ದೂ ಆಯಿತು. ಇಳಿದು ಬಂದವರಲ್ಲಿ ಕೆಲವರನ್ನು ಪೊಲೀಸರು ಹಿಡಿದರು. ಪರರ ನೆಲ ತುಳಿಯುವುದು ಕೇವಲ ಸಿವಿಲ್ ತಪ್ಪಾದ್ದರಿಂದ ಅವರ ಮೇಲೆ ಗಲಭೆಯಂಥ ಆಪಾದನೆಗಳನ್ನು ಹೊರಿಸಬೇಕಾಯಿತು. ಐವರಿಗೆ 2ರಿಂದ 6 ತಿಂಗಳ ಸಜೆಯಾಯಿತು. ಅಷ್ಟು ದಿನ ಈ ಗುಂಪಿನಿಂದ ದೂರವಿದ್ದ ನಡಿಗೆ ಸಂಘಗಳವರಿಗೂ ಆ ಶಿಕ್ಷೆಯ ಕ್ರೌರ್ಯ ನುಂಗಲಾರದ ತುತ್ತಾಯಿತು. ಬೆಟ್ಟದ ಪ್ರಶ್ನೆ ದೇಶದ ಪ್ರಶ್ನೆಯಾಯಿತು. 2002ರಲ್ಲಿ, ಘಟನೆಯ 70ನೇ ವರ್ಷಾಚರಣೆಯಲ್ಲಿ, ಬೇಟೆಯ ಆ ನೆಲದ ಒಡೆಯರಾಗಿದ್ದ ಮನೆತನದ ಡೆವನ್‌ಶೈರ್ ಡ್ಯೂಕ್ ತಮ್ಮ ತಾತನ ಕಾಲದ ನಡೆಗಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು.

ಎರಡನೇ ಮಹಾಯುದ್ಧದ ನಂತರದ ಲೇಬರ್ ಸರ್ಕಾರ 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ತಂದಿತು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಮೊದಲ ಉದ್ಯಾನವಾಯಿತು, ಲೇಕ್ ಡಿಸ್ಟ್ರಿಕ್ಟ್ ಅದೇ ವರ್ಷ ಹಿಂಬಾಲಿಸಿತು. 1965ರಲ್ಲಿ ಪೆನೈನ್ ವೇ ಎಂಬ ದೂರದ ಕಾಲುದಾರಿ ತೆರೆಯಿತು. ಇದೇ ಹೊತ್ತಿಗೆ, 1955ರಿಂದ 1966ರವರೆಗೆ, ಆಲ್ಫ್ರೆಡ್ ವೇನ್‌ರೈಟ್ ಲೇಕ್ ಡಿಸ್ಟ್ರಿಕ್ಟ್‌ನ 214 ಬೆಟ್ಟಗಳನ್ನು ಕೈಬರಹ, ಕೈಚಿತ್ರಗಳಲ್ಲಿ 7 ಸಂಪುಟಗಳಾಗಿ ಹೊರತಂದ. ಅಪರಿಚಿತ ಪ್ರವಾಸಿಯೂ ಪುಸ್ತಕ ಹಿಡಿದು ಒಂದೇ ದಿನದಲ್ಲಿ ಒಂದು ಬೆಟ್ಟ ಹತ್ತಿ ಇಳಿಯಬಹುದೆಂಬ ಧೈರ್ಯ ಕೊಟ್ಟದ್ದು ಆ ಪುಟಗಳ ದೊಡ್ಡ ಸಾಧನೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನ ನಕ್ಷೆಯಲ್ಲಿ ಗುರುತಿಸಿದ ಬೆಟ್ಟ, ಕುರುಚಲು ಬಯಲುಗಳಲ್ಲಿ ದಾರಿ ಬಿಟ್ಟೂ ನಡೆಯುವ ಹಕ್ಕು 2000ದ ಕಾಯಿದೆಯಿಂದ ಬಂತು. ನದಿದಂಡೆಗಳೂ ಕಾಡುಗಳೂ ಬಹುಪಾಲು ಅದರ ಹೊರಗೇ ಉಳಿದವು. ಡೇರೆ ಹಾಕಲೂ ಅದು ಒಪ್ಪುವುದಿಲ್ಲ. ಸ್ಕಾಟ್ಲೆಂಡ್ 2003ರಲ್ಲಿ ತಂದ ಕಾನೂನು ಇದಕ್ಕಿಂತ ಉದಾರ: ಜವಾಬ್ದಾರಿಯಿಂದ ನಡೆದುಕೊಂಡರೆ ಬಹುಪಾಲು ನೆಲ, ಜಲ ಎರಡೂ ಎಲ್ಲರಿಗೂ ತೆರೆದಿರುತ್ತವೆ, ಹೊರದೇಶದಿಂದ ಬಂದವರಿಗೂ.